ರಬ್ಬರ್ ಅಂಗಿಯ ಕೊರಳಪಟ್ಟಿ

ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಕುಡಿಯುವ ನೀರಿನ ನಲ್ಲಿಗಳಾಚೆ, ಕಳೆದುಹೋದ ವಸ್ತುಗಳ ಕಚೇರಿ ಇತ್ತು. ಅದರ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಕಸ ಗುಡಿಸುವವರಿಂದ ಹಿಡಿದು ಸ್ಟೇಷನ್ ಮಾಸ್ಟರ ತನಕ ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಕಳೆದೋದ್ ಸಾರ್’ ಎಂದೇ. ಮೊದಮೊದಲು ಬೇಜಾರಾಗುತ್ತಿತ್ತು. ಬರಬರುತ್ತಾ, ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಪಕ್ಕದಲ್ಲಿ ಇನ್ಯಾರಿದ್ದಾರೆ ಎಂದು ತಿರುಗಿ ನೋಡುವಷ್ಟು ಒಗ್ಗಿಹೋಗಿತ್ತು.

ಆ ಕಚೇರಿಗೆ ಬಾರದ ವಸ್ತುವಿಲ್ಲ. ಕೊಡೆ, ಕನ್ನಡಕ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಊರುಗೋಲು. ಊರುಗೋಲನ್ನು ಗಾಡಿಯಲ್ಲೇ ಬಿಟ್ಟು ಇಳಿದವರು ಮನೆಗೆ ನಡೆದದ್ದು ಹೇಗೆ ಎಂಬುದು ಕಳೆದೋದ್ ಸಾರ್ ಅವರನ್ನು ಬಹಳ ದಿನ ಕಾಡಿದ ಪ್ರಶ್ನೆ. ಹೀಗಿರುವಾಗ ಒಮ್ಮೆ ಒಂದು ಚೀಲ ಬಂತು. ಒಳಗೆ ಕರ್ರಗೆ, ಮೆತ್ತಗೆ, ಕೈಕಾಲು ಇರುವಂಥದ್ದೇನೋ ಮುದುಡಿಕೊಂಡಿತ್ತು. ಪಕ್ಕದ ಮೇಜಿನ ಕೊಡೆ ಮೇಡಂ (ಕೊಡೆಗಳ ಉಸ್ತುವಾರಿ ಅವರದಾದ್ದರಿಂದ ಆ ಹೆಸರು) ಕಿಟಾರನೆ ಕಿರುಚಿ ಕುರ್ಚಿಯ ಮೇಲೆ ನಿಂತರು. ಹೊರಗೆ ತೆಗೆದು ಕೊಡವಿದಾಗ ಅದು ದೊಡ್ಡ ನೀರಿನಲ್ಲಿ ಈಜುವವರು ತೊಡುವ ರಬ್ಬರ್ ಅಂಗಿ, ವೆಟ್‌ಸೂಟ್ ಎಂದು ತಿಳಿಯಿತು. ಕೇಳಿಕೊಂಡು ಯಾರೂ ಬರಲಿಲ್ಲ. ವರ್ಷವೊಂದು ಕಳೆಯಿತು.

ವರ್ಷ ಕಳೆದ ವಸ್ತುವನ್ನು ಸ್ಟೇಷನ್ ಮಾಸ್ಟರ ಸಹಿ ಪಡೆದು ನೌಕರರು ಇಟ್ಟುಕೊಳ್ಳಬಹುದು ಎಂಬ ನಿಯಮ ಇತ್ತು. ಒಂದು ಮಧ್ಯಾಹ್ನ ಕಳೆದೋದ್ ಸಾರ್ ಆ ಅಂಗಿಯನ್ನು ಎದೆಗೆ ಹಿಡಿದು ಕನ್ನಡಿ ನೋಡಿಕೊಂಡರು. ಕನ್ನಡಿಯಲ್ಲಿ ಒಬ್ಬ ಕ್ರೀಡಾಪಟು ನಿಂತಿದ್ದ, ತಲೆ ಮಾತ್ರ ಬೇರೆ ಯಾರದೋ. ಅದೇ ಹೊತ್ತಿಗೆ ಸೂಚನಾ ಫಲಕದಲ್ಲಿ ಊರಾಚೆಯ ದೊಡ್ಡ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜಿ ದಾಟುವ ವಾರ್ಷಿಕ ಸ್ಪರ್ಧೆಯ ಪ್ರಕಟಣೆ ಅಂಟಿಸಿದ್ದರು. ಅಂಗಿ ಇದೆ, ಕೆರೆ ಇದೆ, ಇನ್ನೇನು ಬೇಕು? ಸಹಿಯೊಂದು ಬೇಕಿತ್ತು. ಸ್ಟೇಷನ್ ಮಾಸ್ಟರು ಆ ದಿನ ಯಾರ ಮೇಲೋ ಎಗರಾಡುತ್ತಿದ್ದರು. ಸಹಿ ಆಮೇಲೆ ಹಾಕಿಸಿಕೊಂಡರಾಯಿತು ಎಂದು ಕಳೆದೋದ್ ಸಾರ್ ಅಂಗಿಯನ್ನು ತಮ್ಮ ಬೀರುವಿಗೆ ಸೇರಿಸಿ ಬೀಗ ಹಾಕಿದರು. ಅಂದಿನಿಂದ ದಿನಕ್ಕೆ ಹತ್ತು ಸಲ ಆ ಬೀಗ ಎಳೆದು ನೋಡುವುದು ಅವರಿಗೆ ಅಭ್ಯಾಸವಾಯಿತು.

ಈಜು ಅವರಿಗೆ ಬರುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಬೆಳಗಿನ ವಾಕಿಂಗ್ ಎಂದು ಹೇಳಿ ನಗರಸಭೆಯ ಕೊಳಕ್ಕೆ ಹೋಗಿ ಗೋಡೆಯಿಂದ ಗೋಡೆಗೆ ಈಜಿ ಬರುತ್ತಿದ್ದರು. ಹೆಂಡತಿಗೆ ಸುಳ್ಳು ಹೇಳಬೇಕಾಗಿದ್ದಕ್ಕೆ ಕಾರಣವಿತ್ತು. ಇವರು ಕೀಬೋರ್ಡ್ ನುಡಿಸಲು ಕಲಿಯುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ಬಂದು, ಬೆರಳು ನೋವೆಂದು ಬಿಟ್ಟಿದ್ದರು. ಓಟದ ಬೂಟು ತಂದು, ಮಂಡಿ ನೋವೆಂದು ಬಿಟ್ಟಿದ್ದರು. ಕುಬ್ಜ ಗಿಡ ಬೆಳೆಸುತ್ತೇನೆಂದು ತಂದ ಗಿಡ ಮಾತ್ರ ತಾನಾಗಿಯೇ ಇವರನ್ನು ಬಿಟ್ಟುಹೋಗಿತ್ತು. “ಇನ್ನೊಂದು ಹುಚ್ಚು ಈ ಮನೆ ಹೊಸ್ತಿಲು ದಾಟಿದ್ರೆ, ಅದೂ ನೀವೂ ಇಬ್ರೂ ಮೆಟ್ಟಿಲ ಮೇಲೆ ಮಲಗ್ಬೇಕಾಗುತ್ತೆ,” ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿಯಾಗಿತ್ತು. ಹಾಗಾಗಿ ಈ ಸಲ ಕೆರೆ ದಾಟುವ ತನಕ ಯಾರ ಮುಂದೆಯೂ ತುಟಿ ಬಿಚ್ಚಬಾರದು ಎಂದು ಅವರು ತೀರ್ಮಾನಿಸಿದ್ದರು. ಅನಾಹುತವೆಲ್ಲ ಶುರುವಾದದ್ದು ಆ ತೀರ್ಮಾನದಿಂದ.

ಸ್ಪರ್ಧೆಗೆ ಒಂದು ವಾರ ಇರುವಾಗ, ಭಾನುವಾರ, ಡ್ಯೂಟಿ ಇದೆ ಎಂದು ಹೇಳಿ ಕೆರೆಗೆ ಹೋದರು. ಅಲ್ಲಿ ಈಜುಗಾರರಿಗೆ ತರಬೇತಿ ಕೊಡುವ ಹೆಂಗಸನ್ನು ಎಲ್ಲರೂ ‘ಸೀಟಿ ಅಕ್ಕ’ ಅನ್ನುತ್ತಿದ್ದರು. ಆಕೆಯ ಬಾಯಲ್ಲಿ ಮಾತಿಗಿಂತ ಹೆಚ್ಚು ಹೊತ್ತು ಸೀಟಿ ಇರುತ್ತಿತ್ತು. ಪೊದೆಯ ಮರೆಯಲ್ಲಿ ಅಂಗಿಯೊಂದಿಗೆ ಗುದ್ದಾಡಿ, ಏದುಸಿರು ಬಿಡುತ್ತಾ ಹೊರಬಂದ ಕಳೆದೋದ್ ಸಾರ್ ಅವರನ್ನು ಕಂಡು ಸೀಟಿ ಅಕ್ಕನ ಬಾಯಿಂದ ಸೀಟಿ ಕೆಳಗೆ ಬಿತ್ತು.

“ಸಾರ್, ಜಿಪ್ಪು ಬೆನ್ನಿಗೆ ಬರ್ಬೇಕು. ಹಿಂದುಮುಂದಾಗಿದೆ.”

“ಅಂಗಿನಾ, ನಾನಾ?”

“ಸದ್ಯಕ್ಕೆ ಇಬ್ರೂ.”

ತಿರುಗಿಸಿ ತೊಟ್ಟರು. ಜಿಪ್ಪು ಏರಿದ್ದೇ ಕೊರಳಪಟ್ಟಿ ಕುತ್ತಿಗೆಯನ್ನು ಹಿಡಿದುಕೊಂಡಿತು. ನೀರಿಗಿಳಿದ ಮೇಲೆ ಉಸಿರಿಗೆಂದು ತಲೆ ತಿರುಗಿಸಿದಾಗಲೆಲ್ಲ ಆ ಪಟ್ಟಿ ಗರಗಸದ ಹಾಗೆ ಉಜ್ಜಿತು. ಭುಜ ಎತ್ತಲಾಗದು, ಎದೆ ಹಿಗ್ಗಿಸಲಾಗದು. ದಡ ಇಷ್ಟು ದೂರ ಇತ್ತೇ, ಕಾಲ ಕೆಳಗೆ ಏನಿದೆ, ಉಸಿರು ಯಾಕೆ ಬರುತ್ತಿಲ್ಲ ಎಂದು ದಿಗಿಲಾಗಿ, ನಾಯಿಯಂತೆ ಕೈಕಾಲು ಬಡಿದು ವಾಪಸ್ ಬಂದರು. ಸೀಟಿ ಅಕ್ಕ ಅವರ ಕುತ್ತಿಗೆ ನೋಡಿ ಲೊಚಗುಟ್ಟಿದಳು.

“ಪ್ಯಾಂಟಿನ ಹಾಗೆ ಎಳ್ಕೊಂಡ್ರೆ ಹೀಗೇ ಆಗೋದು. ಕಾಲಿಂದ ಚೂರುಚೂರೇ ಮೇಲಕ್ಕೆ ಸರಿಸ್ಕೊಂಡು ಬರ್ಬೇಕು. ತೊಡೆ ಸಂದಿಗೆ ಚೆನ್ನಾಗಿ ಕೂತ್ರೆ ಭುಜ ಸಡಿಲ ಆಗುತ್ತೆ. ಭುಜ ಸಡಿಲ ಆದ್ರೆ ಕುತ್ತಿಗೆ ಜಗ್ಗಲ್ಲ. ಮತ್ತೆ ಕುತ್ತಿಗೆಗೆ ಜಿಡ್ಡು ಹಚ್ಚಲೇಬೇಕು. ಮೊದಲು ಸ್ವಲ್ಪ ಹೊತ್ತು ಉಸಿರು ಕಟ್ಟಿದ ಹಾಗಾಗುತ್ತೆ, ಗಾಬರಿ ಬೀಳ್ಬೇಡಿ. ಆಮೇಲೆ ಅದೇ ತೇಲಿಸ್ಕೊಂಡು ಹೋಗುತ್ತೆ.”

ಕಳೆದೋದ್ ಸಾರ್ ಇದನ್ನೆಲ್ಲ ಪಾಠದಂತೆ ಬಾಯಿಪಾಠ ಮಾಡಿಕೊಂಡು ಮನೆಗೆ ಬಂದರು. ಕುತ್ತಿಗೆಯ ಸುತ್ತ ಕೆಂಪಗೆ ಒಂದು ಬರೆ ಎದ್ದಿತ್ತು.

ಸೋಮವಾರ ಮಫ್ಲರ್ ಸುತ್ತಿಕೊಂಡು ಕಚೇರಿಗೆ ಹೋದರು. ಸುಡುವ ಸೆಕೆ. ಹೆಂಡತಿಗೆ ಶೀತ ಎಂದಿದ್ದರು. ಸೀನು ಬಾರದಿದ್ದರೂ ದಾರಿಯುದ್ದಕ್ಕೂ ಸೀನುತ್ತಲೇ ಹೋದರು. ಮಧ್ಯಾಹ್ನ ಬಗ್ಗಿ ಒಂದು ಪೆಟ್ಟಿಗೆ ಎತ್ತುವಾಗ ಮಫ್ಲರ್ ಜಾರಿತು. ಕುತ್ತಿಗೆಯ ಬರೆ ಕೊಡೆ ಮೇಡಂ ಕಣ್ಣಿಗೆ ಬಿತ್ತು. ಅವರ ಮುಖ ಸುಣ್ಣದ ಗೋಡೆಯಂತಾಯಿತು.

“ಸಾರ್... ಕುತ್ತಿಗೆಗೆ ಏನ್ ಮಾಡ್ಕೊಂಡ್ರಿ?”

ಕಳೆದೋದ್ ಸಾರ್ ಅತ್ತಿತ್ತ ನೋಡಿದರು. “ನಿನ್ನೆ ಒಂದು ಪ್ರಯತ್ನ ಮಾಡ್ದೆ ಮೇಡಂ. ಸರಿಯಾಗಿ ಆಗ್ಲಿಲ್ಲ. ಅಭ್ಯಾಸ ಇಲ್ವಲ್ಲ.”

“ಅಯ್ಯೋ!”

“ಬರೋ ಭಾನುವಾರ ಸರಿಯಾಗಿ ಮಾಡ್ತೀನಿ. ಹೇಗೆ ಮಾಡ್ಬೇಕು ಅಂತ ಈಗ ಗೊತ್ತಾಗಿದೆ. ದಯವಿಟ್ಟು ನಮ್ಮನೇಲಿ ಮಾತ್ರ ಹೇಳ್ಬೇಡಿ.”

ಕಳೆದೋದ್ ಸಾರ್ ಚಹಾ ಕುಡಿದು ಬರುವಷ್ಟರಲ್ಲಿ ಕಚೇರಿಯ ಕಪಾಟುಗಳೇ ಬೋಳಾಗಿದ್ದವು. ಬೆಲ್ಟು, ಟೈ, ಸೂಟ್‌ಕೇಸಿನ ಪಟ್ಟಿ, ಹಗ್ಗ, ಒಂದು ಜಂಪ್ ರೋಪ್ ಎಲ್ಲವೂ ಕೊಡೆ ಮೇಡಂ ಬೀರುವಿನೊಳಗೆ ಸೇರಿ ಬೀಗ ಬಿದ್ದಿತ್ತು. ಒಬ್ಬ ಪ್ರಯಾಣಿಕ ತನ್ನ ಕಳೆದ ಬೆಲ್ಟು ಕೇಳಿಕೊಂಡು, ಪ್ಯಾಂಟು ಹಿಡಿದುಕೊಂಡೇ ಬಂದಾಗ ಕೊಡೆ ಮೇಡಂ, “ಈ ವಾರ ಬೆಲ್ಟು ಕೊಡಲ್ಲ, ಮುಂದಿನ ವಾರ ಬನ್ನಿ,” ಎಂದು ಗದರಿ ಕಳಿಸಿದರು.

ಮರುದಿನ ಸ್ಟೇಷನ್ ಮಾಸ್ಟರಿಂದ ಕರೆ ಬಂತು. ಸಹಿಯಿಲ್ಲದೆ ತೆಗೆದ ಅಂಗಿ! ಬೀರುವಿನ ಬೀಗ ಹಾಕಿದ್ದು ಯಾರೋ ನೋಡಿದ್ದಾರೆ. ನಿಲ್ದಾಣದ ಆ ತುದಿಯಿಂದ ಈ ತುದಿಗೆ ನಡೆಯುವಷ್ಟರಲ್ಲಿ ಅವರು ಮನಸ್ಸಿನಲ್ಲೇ ಅಮಾನತುಗೊಂಡು, ವಿಚಾರಣೆ ಎದುರಿಸಿ, ಪತ್ರಿಕೆಯಲ್ಲಿ ಚಿತ್ರಸಮೇತ ಬಂದಾಗಿತ್ತು.

“ಕೂತ್ಕೊಳ್ಳಿ,” ಅಂದರು ಸ್ಟೇಷನ್ ಮಾಸ್ಟರು. ಆ ಕೋಣೆಯಲ್ಲಿ ಕಳೆದೋದ್ ಸಾರ್ ಅವರಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಅಪರಾಧಿಗಳನ್ನು ಕೂರಿಸಿ ಮಾತಾಡುತ್ತಾರೆಂದು ಅವರು ಕೇಳಿದ್ದರು.

“ನನಗೆ ಎಲ್ಲಾ ಗೊತ್ತಾಗಿದೆ.”

“ತಪ್ಪಾಯ್ತು ಸಾರ್.”

“ತಪ್ಪು ಅಂತ ನಾನಂದ್ನಾ? ಯಾಕೆ ಹಾಗೆ ಮಾಡೋಕೆ ಹೋದ್ರಿ ಅಂತ ಕೇಳ್ತಿದೀನಿ, ಅಷ್ಟೆ.”

“ವರ್ಷದಿಂದ ಒಂದು ಮೂಲೇಲಿ ಬಿದ್ದಿತ್ತು ಸಾರ್. ಒಬ್ರೂ ಕೇಳ್ಕೊಂಡು ಬರ್ಲಿಲ್ಲ. ಧೂಳು ಹಿಡೀತಿತ್ತು. ಯಾರಿಗೂ ಬೇಡವಾದ್ದು, ಇದ್ರೆಷ್ಟು, ಹೋದ್ರೆಷ್ಟು ಅಂತ...”

“ಹಾಗನ್ಬೇಡಿ!” ಸ್ಟೇಷನ್ ಮಾಸ್ಟರು ಮೇಜು ಗುದ್ದಿದರು. ಅವರ ಕಣ್ಣಲ್ಲಿ ನೀರು. “ಯಾರಿಗೂ ಬೇಡ ಅಂತ ನಿಮಗೆ ಹೇಳಿದ್ಯಾರು? ನಮಗೆ ಬೇಕು. ಈ ನಿಲ್ದಾಣಕ್ಕೇ ಬೇಕು!”

ರೈಲು ನಿಲ್ದಾಣಕ್ಕೆ ರಬ್ಬರ್ ಅಂಗಿ ಯಾಕೆ ಬೇಕೆಂದು ಕಳೆದೋದ್ ಸಾರ್ ಅವರಿಗೆ ಹೊಳೆಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. “ಹಾಗಾದ್ರೆ ಸೋಮವಾರ ಒಪ್ಪಿಸಿಬಿಡ್ತೀನಿ ಸಾರ್. ಭಾನುವಾರ ಒಂದು ದಿನ ಬಿಟ್ಕೊಡಿ. ಇದೇ ಕೊನೆ.”

“ಕೊನೆ ಗಿನೆ ಅನ್ನೋ ಮಾತು ಬೇಡ! ನೋಡಿ, ಗಾಡಿ ಒಂದೊಂದು ಸಲ ತಡ ಆಗುತ್ತೆ. ತಡ ಆಯ್ತು ಅಂತ ಹಳಿ ಕಿತ್ತು ಹಾಕ್ತೀವಾ?”

“ಇಲ್ಲ ಸಾರ್. ಹಳಿ ಬೇರೆ ವಿಭಾಗ.”

ಸ್ಟೇಷನ್ ಮಾಸ್ಟರು ಎದ್ದು ಬಂದು ಅವರ ಹೆಗಲು ತಬ್ಬಿಕೊಂಡರು. ಎದೆಗೆ ಒತ್ತಿದ ಬಿಳಿ ಕೋಟಿನ ಗುಂಡಿಗಳ ನಡುವೆ ಕಳೆದೋದ್ ಸಾರ್ ಯೋಚಿಸಿದರು: ಇಷ್ಟು ಪ್ರೀತಿ ತೋರಿಸುತ್ತಿದ್ದಾರೆ ಎಂದರೆ ಕೆಲಸ ಹೋದ ಹಾಗೆಯೇ.

ಹೋಗುವುದು ಹೇಗೂ ಹೋಗುತ್ತದೆ, ಕೆರೆಯನ್ನಾದರೂ ದಾಟಿಬಿಡೋಣ ಎಂದು ಸಂಜೆ ಅವರು ಮನೆಯ ಕೆಳಗಿನ ಔಷಧಿ ಅಂಗಡಿಗೆ ಹೋದರು. ಅಂಗಡಿಯ ಮಾಲೀಕ ಅದೇ ಕಟ್ಟಡದವನು, ನಂಬಿಕಸ್ಥ. ಆದರೂ ಗುಟ್ಟು ಗುಟ್ಟೇ.

“ಕುತ್ತಿಗೆಗೆ ಹಚ್ಚೋಕೆ ಒಳ್ಳೆ ಜಿಡ್ಡಿನ ಮುಲಾಮು ಕೊಡಿ.”

“ಗಾಯಕ್ಕಾ ಸಾರ್?”

“ಗಾಯ ಆಗಿದ್ದು ಆಗ್ಹೋಯ್ತು. ಇನ್ನೊಂದ್ಸಲ ಬಿಗಿದಾಗ ಆಗ್ಬಾರ್ದು, ಅದಕ್ಕೆ.”

ಔಷಧಿಯವನ ಕೈ ಕಪಾಟಿನ ಮೇಲೇ ನಿಂತಿತು. “ಬಿಗಿದಾಗ ಅಂದ್ರೆ?”

“ಅದೇ, ಬಿಗಿಯುತ್ತಲ್ಲ.” ಕಳೆದೋದ್ ಸಾರ್ ಮಫ್ಲರಿನತ್ತ ಬೆರಳು ತೋರಿಸಿದರು. “ಜಿಡ್ಡು ಹಚ್ಕೊಂಡ್ರೆ ಏನೂ ಗೊತ್ತೇ ಆಗಲ್ವಂತೆ. ಮೊದಲು ಸ್ವಲ್ಪ ಹೊತ್ತು ಉಸಿರು ಕಟ್ಟುತ್ತಂತೆ, ಗಾಬರಿ ಬೀಳ್ಬಾರ್ದಂತೆ. ಆಮೇಲೆ ಅದೇ ತೇಲಿಸ್ಕೊಂಡು ಹೋಗುತ್ತಂತೆ. ಎಷ್ಟೋ ಸಲ ಮಾಡಿ ಅನುಭವ ಇರೋರು ಹೇಳಿದ್ದು.”

“ಎಷ್ಟೋ ಸಲ ಮಾಡಿದೋರಾ?” ಅಂಥವರು ಬಂದು ಹೇಳುವುದಾದರೂ ಹೇಗೆ ಎಂದು ಔಷಧಿಯವನು ಒಂದು ಕ್ಷಣ ದಂಗಾದ. ಆಮೇಲೆ ಸಾವರಿಸಿಕೊಂಡು, “ಮುಲಾಮು ಖಾಲಿ ಆಗಿದೆ ಸಾರ್. ಸೋಮವಾರ ಬರುತ್ತೆ,” ಅಂದ.

“ಭಾನುವಾರ ಆದ್ಮೇಲೆ ನನಗ್ಯಾಕ್ರೀ ಬೇಕು?”

ಔಷಧಿಯವನು ಶಕ್ತಿವರ್ಧಕ ಟಾನಿಕ್ಕಿನ ಬಾಟಲಿಯೊಂದನ್ನು ಅವರ ಕೈಗೆ ತುರುಕಿದ. “ಇದನ್ನ ಕುಡೀರಿ ಸಾರ್, ದುಡ್ಡು ಬೇಡ. ದಿನಾ ಬಂದು ನನ್ನ ಮುಂದೇನೇ ಕುಡೀರಿ.” ಹೇಳುತ್ತಲೇ ಅವನು ಅಂಗಡಿಯ ಬಾಗಿಲು ಅರ್ಧ ಎಳೆದು, ಇವರಿಗಿಂತ ಮೊದಲೇ ಮೆಟ್ಟಿಲು ಹತ್ತಿ ಓಡಿದ.

ಆ ಸಂಜೆಯಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಕಳೆದೋದ್ ಸಾರ್ ಒಳಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಗಿತ್ತು. ಶೂ ಬಿಚ್ಚಿದಲ್ಲೇ ಬಿಟ್ಟರೂ ಬೈಯಲಿಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೂ ಬೈಯಲಿಲ್ಲ. ಪರೀಕ್ಷಿಸಲೆಂದೇ ಕಳೆದೋದ್ ಸಾರ್ ಚಹಾವನ್ನು ಮೇಜುಬಟ್ಟೆಯ ಮೇಲೆ ಚೆಲ್ಲಿದರು. ಅವಳು ಒರೆಸಿ, “ಹೋಗ್ಲಿ ಬಿಡಿ, ಬಟ್ಟೆ ತಾನೇ,” ಅಂದಳು. ಮದುವೆಯಾದ ಲಾಗಾಯ್ತಿನಿಂದ ಇಂಥ ದಿನ ಬಂದಿರಲಿಲ್ಲ.

ಮರುದಿನ ಅವಳೇ ಅಟ್ಟದಿಂದ ಕೀಬೋರ್ಡ್ ಇಳಿಸಿ, ಧೂಳು ಒರೆಸಿ ಮುಂದಿಟ್ಟಳು.

“ಬಾರಿಸಿ, ನಾನು ಕೇಳ್ತೀನಿ.”

“ನನಗೆ ಬರಲ್ವಲ್ಲೇ.”

“ಚೆನ್ನಾಗಿ ಬರುತ್ತೆ. ನಾನೇ ಆವತ್ತು ಸುಮ್ಮನೆ ಅಂದೆ.” ಅವರು ಒತ್ತಿದ ಕೀಲಿ ಕರ್ಕಶವಾಗಿ ಕಿರುಗುಟ್ಟಿತು. ಅವಳು ಕಣ್ಣು ಮುಚ್ಚಿ ತಲೆದೂಗಿದಳು. “ಕೆಲಸ ಹೋದ್ರೂ ಪರವಾಗಿಲ್ಲ ಕಣ್ರೀ. ಏನು ಹೋದ್ರೂ ಪರವಾಗಿಲ್ಲ. ನೀವಿದ್ರೆ ಸಾಕು.”

ಕೆಲಸ! ಹಾಗಾದರೆ ಇವಳಿಗೂ ಗೊತ್ತಾಗಿದೆ. ಆದೇಶ ತಯಾರಾಗಿದೆ, ತನ್ನ ಕೈಗೆ ಬರುವುದೊಂದು ಬಾಕಿ. ಕಳೆದೋದ್ ಸಾರ್ ಅವರ ಬೆರಳು ಎರಡು ಕೀಲಿಗಳ ನಡುವೆ ಸಿಕ್ಕಿಕೊಂಡಿತು.

ಗುರುವಾರ ಅತ್ತೆ ಟ್ರಂಕು ಸಮೇತ ಬಂದಿಳಿದರು. ಅವರು ಬಂದದ್ದು ಮಗಳನ್ನು ನೋಡಲಂತೆ, ಆದರೆ ಕಣ್ಣು ಮಾತ್ರ ಅಳಿಯನ ಮೇಲಿಂದ ಕದಲಲಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತರು.

“ಅಳಿಯಂದ್ರೇ, ಇದೀರಾ?”

“ಇದೀನಿ ಅತ್ತೆ.”

“ಹಾಗಾದ್ರೆ ಹಾಡ್ತಾ ಇರಿ. ಹಾಡು ನಿಂತ್ರೆ ನಾನು ಒಳಗೆ ಬಂದ್ಬಿಡ್ತೀನಿ.”

ಸೋಪಿನ ನೊರೆಯಲ್ಲಿ ಕಣ್ಣುರಿಯುತ್ತಿದ್ದರೂ ಕಳೆದೋದ್ ಸಾರ್ ಒಂದೇ ಉಸಿರಿನಲ್ಲಿ ಮಗ್ಗಿ ಹಾಡಿದರು. ಹಾಡೆಂದರೆ ಅವರಿಗೆ ಪೂರ್ತಿಯಾಗಿ ಬರುತ್ತಿದ್ದುದು ಅದೊಂದೇ.

ಶನಿವಾರದ ಹೊತ್ತಿಗೆ ಅವರ ಪಾಡು ಯಾರಿಗೂ ಬೇಡ. ಊಟ ಸೇರುತ್ತಿರಲಿಲ್ಲ. ಔಷಧಿಯವನ ಟಾನಿಕ್ಕು ಮಾತ್ರ ಸಲೀಸಾಗಿ ಇಳಿಯುತ್ತಿತ್ತು. ನಿಲ್ದಾಣದಲ್ಲಿ ಪೋರ್ಟರುಗಳು ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಪ್ಲಾಟ್‌ಫಾರ್ಮಿನ ಅಂಚಿಗೆ ಹೋದರೆ ಯಾರಾದರೊಬ್ಬರು ಬಂದು ತೋಳು ಹಿಡಿದು ಗೋಡೆಯ ಕಡೆಗೆ ಕರೆತರುತ್ತಿದ್ದರು. ಇಷ್ಟೂ ಜನ ಸೇರಿ ತನ್ನನ್ನು ಬೀಳ್ಕೊಡುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು.

ಭಾನುವಾರ ಬೆಳಗ್ಗೆ ಚೀಲ ಹೆಗಲಿಗೇರಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಅವರು ಹಜಾರ ದಾಟಿದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಕಾವಲು ಕೂತಿದ್ದ ಅತ್ತೆ ತೂಕಡಿಸುತ್ತಿದ್ದರು. ಚಿಲಕ ಕಿರ್ರೆಂದಿತು. ಅತ್ತೆಯ ಒಂದು ಕಣ್ಣು ತೆರೆಯಿತು.

“ಎಲ್ಲಿಗೆ ಅಳಿಯಂದ್ರೇ?”

ಇನ್ನು ಸುಳ್ಳು ಹೇಳುವ ತ್ರಾಣ ಅವರಲ್ಲಿ ಉಳಿದಿರಲಿಲ್ಲ. “ಕೆರೆಗೆ, ಅತ್ತೆ. ಯಾರೂ ತಡೀಬೇಡಿ. ಮಧ್ಯಾಹ್ನದ ಹೊತ್ತಿಗೆ ಎಲ್ರಿಗೂ ಸುದ್ದಿ ಗೊತ್ತಾಗುತ್ತೆ. ಅವಳಿಗೆ ಹೇಳಿ, ಇದೊಂದು ಸಲ ಕ್ಷಮಿಸಿಬಿಡು ಅಂತ.”

ಬೀದಿಯ ತಿರುವಿನಲ್ಲಿ ಬಸ್ಸು ಹತ್ತುವಾಗ ಹಿಂದಿನಿಂದ ಯಾರೋ ಚೀರಿದಂತೆ ಕೇಳಿಸಿತು. ಬೆಕ್ಕೇನೋ ಎಂದುಕೊಂಡರು.

ಕೆರೆಯ ದಂಡೆಯಲ್ಲಿ ಕರಿ ಅಂಗಿ ತೊಟ್ಟವರ ಗುಂಪೇ ಸೇರಿತ್ತು. ಸೀಟಿ ಅಕ್ಕ ತನ್ನದೇ ಡಬ್ಬಿಯಿಂದ ಜಿಡ್ಡು ತೆಗೆದುಕೊಟ್ಟು ಅವರ ಕುತ್ತಿಗೆಗೆ, ಕಂಕುಳಿಗೆ ಧಾರಾಳವಾಗಿ ಬಳಿಸಿದಳು. ಈ ಸಲ ಅವರು ಕಾಲಿಂದ ಚೂರುಚೂರೇ ಸರಿಸಿಕೊಂಡು ಬಂದರು. ಉಗುರು ತಾಗಿಸದೆ, ಬೆರಳ ತುದಿಯಲ್ಲಿ, ಮಡಿಕೆ ಬಿಡಿಸಿ ಬಿಡಿಸಿ. ಜಿಪ್ಪು ಏರಿತು. ಭುಜ ತಿರುಗಿಸಿ ನೋಡಿದರು, ತಿರುಗಿತು! ಆದರೂ ನೀರಿಗಿಳಿದೊಡನೆ ಎದೆ ಹಿಡಿದುಕೊಂಡಿತು. ತಣ್ಣನೆಯ ನೀರು, ಸುತ್ತಲೂ ಬಡಿಯುವ ಕೈಗಳು, ಕಾಣದ ತಳ.

“ಕಾಲರ್ ಎಳೆದು ಒಂಚೂರು ನೀರು ಒಳಗೆ ಬಿಡಿ ಸಾರ್!” ಸೀಟಿ ಅಕ್ಕ ನೀರಲ್ಲಿ ತೇಲುವ ಅಗಲದ ಹಲಗೆಯೊಂದರ ಮೇಲೆ ನಿಂತು ಹುಟ್ಟು ಹಾಕುತ್ತಾ ಕೂಗಿದಳು. “ನೀರು ನಿಮ್ಮ ಮೈ ಬಿಸಿಗೆ ಬೆಚ್ಚಗಾಗುತ್ತೆ. ಆಮೇಲೆ ಅಂಗಿ ಅಂಟಿಕೊಂಡಿರುತ್ತೆ, ಹಿಂಡಲ್ಲ!”

ಎಳೆದು ಬಿಟ್ಟರು. ಬೆನ್ನ ಮೇಲೆ ತಣ್ಣಗೆ ಹಾವು ಹರಿದಂತಾಯಿತು. ಇನ್ನು ಹೋದೆ ಎಂದುಕೊಳ್ಳುವಷ್ಟರಲ್ಲಿ ಆ ನೀರು ಬೆಚ್ಚಗಾಯಿತು. ಅಂಗಿ ಸಡಿಲವಾಯಿತು. ಕಾಲು ತಾನಾಗಿಯೇ ಮೇಲೆ ತೇಲಿತು. ತಲೆ ತಿರುಗಿಸಿದರೆ ಕೊರಳಪಟ್ಟಿ ಜಾರಿತೇ ಹೊರತು ಉಜ್ಜಲಿಲ್ಲ. ಒಂದು ವಾರದಿಂದ ಉಸಿರೆಂದರೇನೆಂದು ಮರೆತಿದ್ದ ಕಳೆದೋದ್ ಸಾರ್ ಕೆರೆಯ ನಡುಮಧ್ಯದಲ್ಲಿ, ಊರಿನಲ್ಲಿ ಯಾರ ಕೈಗೂ ಸಿಗದಷ್ಟು ದೂರದಲ್ಲಿ, ಹಾಯಾಗಿ ಉಸಿರಾಡಿದರು.

ದಡದಲ್ಲಿ ಆಗುತ್ತಿದ್ದದ್ದು ಅವರಿಗೆ ಗೊತ್ತಾದದ್ದು ಆಮೇಲೆ. ಔಷಧಿ ಅಂಗಡಿಯ ವ್ಯಾನು ಕೆರೆಯ ದಂಡೆಗೆ ನುಗ್ಗಿತ್ತು. ಅದರಿಂದ ಹೆಂಡತಿ, ಅತ್ತೆ, ಕೊಡೆ ಮೇಡಂ, ಔಷಧಿಯವನು, ಕೊನೆಗೆ ಕೆಂಪು ಹಸಿರು ಬಾವುಟಗಳೊಂದಿಗೆ ಸ್ಟೇಷನ್ ಮಾಸ್ಟರು ಇಳಿದರು. ತಲೆಯ ಮೇಲೆ ಕಟ್ಟಿದ್ದ ಸ್ಪರ್ಧೆಯ ಬ್ಯಾನರು ನೋಡುವ ವ್ಯವಧಾನ ಯಾರಿಗಿದೆ? ಅವರು ನೋಡಿದ್ದು ನೀರನ್ನು. ನೀರಿನ ತುಂಬ ತಲೆಗಳು.

ಅತ್ತೆ ಎದೆ ಬಡಿದುಕೊಂಡರು. “ಅಯ್ಯೋ, ಇಷ್ಟೊಂದು ಜನಕ್ಕೆ ಒಟ್ಟಿಗೆ ಏನು ಕಷ್ಟ ಬಂತೋ!”

ದಡದಲ್ಲಿ ಕಟ್ಟಿದ್ದ ದೋಣಿಯನ್ನು ಬಿಚ್ಚಿ ಎಲ್ಲರೂ ಹತ್ತಿದರು. ಸ್ಟೇಷನ್ ಮಾಸ್ಟರು ಮುಂದೆ ನಿಂತು ಕೆಂಪು ಬಾವುಟ ಬೀಸಿದರು. ಯಾರೂ ನಿಲ್ಲಲಿಲ್ಲ. ಅವರ ವೃತ್ತಿಜೀವನದಲ್ಲಿ ಇಂಥ ಅವಿಧೇಯತೆ ಕಂಡಿರಲಿಲ್ಲ. ಕರಿ ಅಂಗಿಯಲ್ಲಿ ಎಲ್ಲರೂ ಒಂದೇ ಥರ. ಔಷಧಿಯವನು ಬಗ್ಗಿ ಸಿಕ್ಕಿದ ಒಂದು ತೋಳನ್ನು ಹಿಡಿದೇಬಿಟ್ಟ.

“ಬಿಡ್ರೀ! ಯಾರ್ರೀ ನೀವು?” ಮೀಸೆಯವನೊಬ್ಬ ನೀರು ಉಗುಳುತ್ತಾ ಗರ್ಜಿಸಿದ.

“ನೀವು ನಮ್ಮೋರಲ್ಲ, ಪರವಾಗಿಲ್ಲ. ನೀವಾದ್ರೂ ಬದುಕ್ಕೊಳ್ಳಿ ಸಾರ್!”

ಮೀಸೆಯವನು ಒದ್ದು ಬಿಡಿಸಿಕೊಂಡು ಮುಂದೆ ಹೋದ. ಅಷ್ಟರಲ್ಲಿ ಹೆಂಡತಿ, ಎಲ್ಲರಿಗಿಂತ ಹಿಂದೆ, ಸ್ವಲ್ಪ ಓರೆಯಾಗಿ, ದಡ ಎಲ್ಲಿದೆಯೆಂದು ಆಗಾಗ ತಲೆಯೆತ್ತಿ ತಪ್ಪು ದಿಕ್ಕಿಗೆ ನೋಡುತ್ತಾ ಈಜುತ್ತಿದ್ದ ಒಂದು ಆಕೃತಿಯನ್ನು ಕಂಡಳು. ಗುರುತಿಗೆ ಅವಳಿಗೆ ಇನ್ನೇನೂ ಬೇಕಾಗಲಿಲ್ಲ. ದೋಣಿ ಹತ್ತಿರವಾದದ್ದೇ ಬಗ್ಗಿ ಅವರ ಕೊರಳಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು.

ಹಾಯಾಗಿದ್ದ ಕಳೆದೋದ್ ಸಾರ್ ಅವರಿಗೆ ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ಹೆಂಡತಿ, ಅತ್ತೆ, ಇಲಾಖೆ, ಔಷಧಿ ಅಂಗಡಿ, ಎಲ್ಲವೂ ಒಂದೇ ದೋಣಿಯಲ್ಲಿ.

“ಬಿಡೇ! ದೋಣಿಯವರು ಎಳೆದ್ರೆ ಲೆಕ್ಕಕ್ಕಿಲ್ಲ!”

“ಬಿಡಲ್ಲ! ನನ್ನ ಬಿಟ್ಟು ಎಲ್ಲಿಗೆ ಹೊರಟ್ರಿ?”

“ಆಚೆ ದಡಕ್ಕೆ ಕಣೇ!”

“ಆಚೆ ದಡ ಅಂದ್ರೆ ಅದೇ ಅಲ್ವೇನ್ರೀ!”

“ಯಾವುದೇ? ಅಲ್ಲಿ ಕಾಣುತ್ತಲ್ಲ, ನೀರಿನ ಟ್ಯಾಂಕು, ಅದರ ಪಕ್ಕದ ದಡ! ಅಲ್ಲಿಗೆ ಮುಟ್ಟಿದೋರಿಗೆ ಬಾಳೆಹಣ್ಣು, ಸರ್ಟಿಫಿಕೇಟು ಕೊಡ್ತಾರೆ!”

ದೋಣಿಯಲ್ಲಿದ್ದವರೆಲ್ಲ ಒಟ್ಟಿಗೆ ನೀರಿನ ಟ್ಯಾಂಕಿನತ್ತ ತಿರುಗಿ ನೋಡಿದರು.

“ಮತ್ತೆ ಕುತ್ತಿಗೆ ಬರೆ?” ಕೊಡೆ ಮೇಡಂ ಕೀರಲು ದನಿಯಲ್ಲಿ ಕೇಳಿದರು.

“ನಿಮ್ಮ ಮುಂದೇನೇ ಇದೆಯಲ್ಲ ಮೇಡಂ, ಈ ಪಟ್ಟಿ ಉಜ್ಜಿದ್ದು! ಈ ಅಂಗಿಗೋಸ್ಕರ ತಾನೇ ನನ್ನ ಕೆಲಸ ಹೋಗ್ತಿರೋದು?”

“ಯಾವ ಅಂಗಿ?” ಅಂದರು ಸ್ಟೇಷನ್ ಮಾಸ್ಟರು.

“ನಿಮ್ಮ ಸಹಿ ಇಲ್ದೆ ತಗೊಂಡಿದ್ನಲ್ಲ ಸಾರ್, ಅದೇ. ನಿಮಗೆ ಎಲ್ಲಾ ಗೊತ್ತಿತ್ತಲ್ಲ!”

ಗೊತ್ತಿರಲಿಲ್ಲ ಎಂಬುದು ಸ್ಟೇಷನ್ ಮಾಸ್ಟರ ಮುಖದ ಮೇಲೆ ನಿಧಾನವಾಗಿ, ಗೂಡ್ಸ್ ಗಾಡಿಯ ಡಬ್ಬಿಗಳು ಒಂದೊಂದಾಗಿ ಬರುವಂತೆ ಬಂತು. ಬಾವುಟ ಕೆಳಗಿಳಿಯಿತು. “ನನ್ನ ಸಹಿ ಇಲ್ದೆ?” ವಾರದಿಂದ ಕಾಣೆಯಾಗಿದ್ದ ಹಳೆಯ ಗಂಟಲು ವಾಪಸ್ಸಾಯಿತು. “ನಾಳೆ ಬೆಳಗ್ಗೆ ನನ್ನ ಕೋಣೆಗೆ ಬನ್ನಿ. ನಿಂತ್ಕೊಂಡು ಮಾತಾಡೋಣ!” ಆ ಗದರಿಕೆ ಕೇಳಿ ಕಳೆದೋದ್ ಸಾರ್ ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ ಅರೆಕ್ಷಣ ಈಜುವುದನ್ನೇ ಮರೆತು ಒಂದು ಗುಟುಕು ಕೆರೆ ಕುಡಿದರು.

ಸೀಟಿ ಅಕ್ಕ ಹಲಗೆಯ ಮೇಲೆ ಬಿರುಗಾಳಿಯಂತೆ ಬಂದಳು. “ದೋಣಿ ಹಿಡ್ಕೊಂಡ್ರೆ ಸ್ಪರ್ಧೆಯಿಂದ ಹೊರಗೆ ಸಾರ್!”

“ಅವರೆಲ್ಲಮ್ಮಾ ದೋಣಿ ಹಿಡ್ಕೊಂಡಿರೋದು?” ಅಂದರು ಅತ್ತೆ. “ದೋಣಿ ಅವರನ್ನ ಹಿಡ್ಕೊಂಡಿದೆ.”

ಸೀಟಿ ಅಕ್ಕ ಯೋಚಿಸಿದಳು. ನಿಯಮದಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ಮುಂದಕ್ಕೆ ಎಳೆದಿಲ್ಲ ತಾನೇ? ಹಾಗಾದ್ರೆ ಬಿಟ್ಬಿಡಿ, ಈಜಲಿ.”

ಹೆಂಡತಿ ಕೈ ಬಿಡಲಿಲ್ಲ. ಅವರ ಮುಖವನ್ನೇ ನೋಡಿದಳು. “ದಾಟೋಕಾಗುತ್ತೇನ್ರೀ?”

“ಗೊತ್ತಿಲ್ಲ ಕಣೇ. ಇಲ್ಲೀ ತನಕ ಆಯ್ತು.”

“ಅರ್ಧಕ್ಕೆ ಬಿಟ್ಟು ಬಂದ್ರೆ ನೋಡಿ ಮತ್ತೆ,” ಎಂದು ಅವಳು ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು.

ಉಳಿದ ದೂರವನ್ನು ಕಳೆದೋದ್ ಸಾರ್ ಹೇಗೆ ಈಜಿದರೆಂದು ಅವರಿಗೇ ತಿಳಿಯದು. ಪಕ್ಕದಲ್ಲೇ ದೋಣಿ ಸಾಗುತ್ತಿತ್ತು. ನಾಲ್ಕು ಬಾಯಿಗಳು ನಾಲ್ಕು ಥರ ಕೂಗುತ್ತಿದ್ದವು. ಸ್ಟೇಷನ್ ಮಾಸ್ಟರು ಬಲಕ್ಕೆ ತಿರುಗಿ ಎಂದರೆ ಔಷಧಿಯವನು ಎಡಕ್ಕೆ ಎನ್ನುತ್ತಿದ್ದ. ಅತ್ತೆ ಮಗ್ಗಿ ಹಾಡಿ ಎನ್ನುತ್ತಿದ್ದರು. ತೋಳು ಸೋತು ಸೀಸವಾಯಿತು. ಒಮ್ಮೆ ಇನ್ನು ಸಾಕೆಂದು ತಲೆಯೆತ್ತಿದರು. ದೋಣಿಯ ಅಂಚಿಗೆ ಗಲ್ಲವೂರಿ, ಕಣ್ಣು ಮಿಟುಕಿಸದೆ ಕೂತಿದ್ದ ಹೆಂಡತಿ ಕಂಡಳು. ಅವಳೊಬ್ಬಳೇ ಏನೂ ಕೂಗುತ್ತಿರಲಿಲ್ಲ. ತಲೆ ಮತ್ತೆ ನೀರಿಗಿಳಿಯಿತು.

ಎಲ್ಲರಿಗಿಂತ ಕೊನೆಯವರಾಗಿ ಮಂಡಿಯೂರಿಕೊಂಡು ದಡ ಹತ್ತಿದಾಗ ಸರ್ಟಿಫಿಕೇಟು ಕೊಡುವವರು ಮೇಜು ಮಡಚುತ್ತಿದ್ದರು. ಸ್ಟೇಷನ್ ಮಾಸ್ಟರು ಹಸಿರು ಬಾವುಟ ಬೀಸಿ ಮೇಜನ್ನು ಮತ್ತೆ ಹಾಕಿಸಿದರು. ಔಷಧಿಯವನು ಮೀಸೆಯವನ ಕೈಗೆ ಸಿಕ್ಕಿಬಿದ್ದು ಕ್ಷಮೆ ಕೇಳುತ್ತಾ ಟಾನಿಕ್ಕು ಕೊಡುತ್ತೇನೆಂದು ಒಪ್ಪಿಕೊಳ್ಳುತ್ತಿದ್ದ.

ಹೆಂಡತಿ ಕಳೆದೋದ್ ಸಾರ್ ಅವರನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ಬೆನ್ನ ಹಿಂದೆ ನಿಂತು ಜಿಪ್ಪು ಇಳಿಸಿದಳು. ಅಂಗಿಯನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಭುಜದಿಂದ ಸುಲಿದಳು. ಕುತ್ತಿಗೆಯ ಬರೆ ಮಾಸಿತ್ತು. ಅದರ ಮೇಲೆ ಒಮ್ಮೆ ಬೆರಳಾಡಿಸಿದಳು.

“ನಿಜ ಹೇಳಿ. ಯಾವತ್ತೂ ಹಾಗೆಲ್ಲ ಅನ್ನಿಸಿಲ್ಲ ತಾನೇ?”

“ಇಲ್ಲ ಕಣೇ.”

“ನಾನು ಬೈದಾಗಲೂ?”

“ಇಲ್ಲ. ಈ ವಾರ ನೀನು ಬೈಲಿಲ್ವಲ್ಲ, ಆವಾಗ ಮಾತ್ರ ಜೀವ ಹೋದ ಹಾಗಾಗಿತ್ತು.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಒಂದು ದೀರ್ಘ ಉಸಿರೆಳೆದುಕೊಂಡಳು. ಆಮೇಲೆ ಶುರುಮಾಡಿದಳು. ಬಿಚ್ಚಿದಲ್ಲೇ ಬಿಟ್ಟ ಶೂ, ಹಾಸಿಗೆಯ ಮೇಲಿನ ಒದ್ದೆ ಟವೆಲು, ಬೇಕಂತಲೇ ಚೆಲ್ಲಿದ ಚಹಾ, ವಾಕಿಂಗ್ ಎಂಬ ಸುಳ್ಳು, ಡ್ಯೂಟಿ ಎಂಬ ಸುಳ್ಳು, ಶೀತ ಎಂಬ ಸುಳ್ಳು. ವಾರವಿಡೀ ಗಂಟಲಲ್ಲಿ ತಡೆಹಿಡಿದದ್ದೆಲ್ಲ ಕೆರೆಯ ಕೋಡಿಯಂತೆ ಹರಿಯಿತು. ದೋಣಿಯವರೆಲ್ಲ ಸಾಲಾಗಿ ಕೂತು ಬಾಳೆಹಣ್ಣು ತಿನ್ನುತ್ತಾ ಕೇಳಿದರು. ಅಂಗಿ ಸೊಂಟದ ತನಕ ಇಳಿದು, ಕಾಲೆರಡನ್ನೂ ಒಟ್ಟಿಗೆ ಬಿಗಿದು ಹಿಡಿದಿದ್ದರಿಂದ ಕಳೆದೋದ್ ಸಾರ್ ಎದ್ದು ಓಡುವ ಹಾಗಿರಲಿಲ್ಲ. ಓಡುವ ಮನಸ್ಸೂ ಅವರಿಗಿರಲಿಲ್ಲ. ಮೈ ಬೆಚ್ಚಗಿತ್ತು. ಅವರು ಕಣ್ಣು ಮುಚ್ಚಿ ತಲೆದೂಗುತ್ತಾ ಕೂತರು.